ಬಸ್ತಿಹಳ್ಳಿಯಿಂದ ಅಮೆರಿಕಕ್ಕೊಂದು ಅರ್ಜಿ

ಮಗ ಅಮೆರಿಕದ ಪ್ರಜೆಯಾದನೆಂಬ ಸುದ್ದಿ ಬಂದ ದಿನ ಪಾಯಸ ಮಾಡುವ ಮನೆಗಳೂ ಉಂಟು. ಯಾರೂ ಹೆಚ್ಚು ಮಾತನಾಡದೆ ಊಟ ಮುಗಿಸಿ ಏಳುವ ಮನೆಗಳೂ ಉಂಟು. ಎರಡು ಬಗೆಯ ಮನೆಗಳಲ್ಲಿಯೂ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಒಂದೇ ಮಾತು ಏಳುತ್ತದೆ: ಇನ್ನು ಅಪ್ಪ ಅಮ್ಮನನ್ನು ಅಲ್ಲಿಗೆ ಕರೆಸಿಕೊಳ್ಳಬಹುದಲ್ಲ? ಅದರ ಬೆನ್ನಿಗೇ ಎರಡನೆಯ ಮಾತು: ಅರ್ಜಿಯನ್ನು ತಾವೇ ಬರೆದು ಕಳುಹಿಸುವುದೋ, ವಕೀಲರನ್ನು ಹಿಡಿಯುವುದೋ?

ಒಂದು ಕಾಲಕ್ಕೆ ಇದು ಬಸವನಗುಡಿ, ಮಲ್ಲೇಶ್ವರಗಳ ಮನೆಗಳ ಮಾತಾಗಿತ್ತು. ಇಂದು ಹಾಸನ, ಅರಸೀಕೆರೆ, ಬೇಲೂರುಗಳಲ್ಲಿಯೂ, ಹಳ್ಳಿಯ ಜಗಲಿಯ ಮೇಲೆಯೂ ಕೇಳಿಬರುತ್ತದೆ. ವಿಷಯ ಸಣ್ಣದಲ್ಲ. ಎಪ್ಪತ್ತರ ಹತ್ತಿರದ ಜೀವಗಳ ಪಾಲಿಗೆ ಎರಡು ಮೂರು ವರ್ಷದ ವಿಳಂಬವೆಂದರೆ ಮೊಮ್ಮಗುವಿನ ಬಾಲ್ಯವೇ ಕೈತಪ್ಪಿ ಹೋದಂತೆ. ಇನ್ನು ಕೆಲವು ತಪ್ಪುಗಳಂತೂ ವಿಳಂಬದಲ್ಲಿ ಮುಗಿಯುವುದಿಲ್ಲ, ಬಾಗಿಲನ್ನೇ ಮುಚ್ಚಿಬಿಡುತ್ತವೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಬಂದವರಲ್ಲಿ ಬಹುಮಂದಿ ಅಲ್ಲಿಂದಲೇ ಬೇಲೂರಿನ ಬಸ್ಸು ಹತ್ತಿಬಿಡುತ್ತಾರೆ. ತುಸು ದಕ್ಷಿಣಕ್ಕೆ ನಡೆದರೆ ಬಸ್ತಿಹಳ್ಳಿ. ಅಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳು. ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ; ಕಾಲ 1133. ತಂದೆಯ ನೆನಪಿಗಾಗಿ ಮಗ ಮಾಡಿಸಿದ ಕೆಲಸ ಅದು. ಅಲ್ಲಿಯ ಶಾಸನವೊಂದು ಸ್ವಾರಸ್ಯವಾದ ಸಂಗತಿಯನ್ನು ತಿಳಿಸುತ್ತದೆ. ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಒಯ್ದಾಗ ಅವನಿಗೆ ಯುದ್ಧದಲ್ಲಿ ಜಯವೂ ದೊರಕಿತ್ತು, ಗಂಡುಮಗುವೂ ಹುಟ್ಟಿತ್ತು. ಸಂತೋಷಗೊಂಡ ಅರಸ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನಂತೆ. ತಂದೆಯ ಹೆಸರು, ಮಗುವಿನ ಹೆಸರು, ಕಾಲ, ಎಲ್ಲವೂ ಕಲ್ಲಿನ ಮೇಲಿದೆ. ಅದೇ ಊರಿನಲ್ಲಿ 1955ರಲ್ಲಿ ಒಕ್ಕಲು ಮನೆಯೊಂದರಲ್ಲಿ ಹುಟ್ಟಿದ ಮಗುವಿಗೆ ಒಂದು ತುಂಡು ಕಾಗದದ ಆಧಾರವೂ ಇಲ್ಲದಿರುವುದು ಅಚ್ಚರಿಯಲ್ಲ. ವಕೀಲರು ಬೇಕೋ ಬೇಡವೋ ಎಂಬ ಪ್ರಶ್ನೆಯ ಗಂಟು ಬಹುಪಾಲು ಇಲ್ಲಿಯೇ ಇದೆ.

ಈ ಊರಿನ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ನಿವೃತ್ತ ಉಪಾಧ್ಯಾಯರು. ಸ್ವಲ್ಪ ತೆಂಗಿನ ತೋಟ, ಒಂದಿಷ್ಟು ರಾಗಿಯ ಹೊಲ. ಮಗಳನ್ನು ಅರಸೀಕೆರೆಗೆ ಕೊಟ್ಟಿದೆ. ಮಗ ಹಾಸನದಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಕಂಪೆನಿಯೊಂದರ ಮೂಲಕ ಕ್ಯಾಲಿಫೋರ್ನಿಯಾ ಸೇರಿ, ಬಹಳ ವರ್ಷ ಕಾದು ಅಲ್ಲಿಯ ಪ್ರಜೆಯಾಗಿದ್ದಾನೆ. ಭಾನುವಾರದ ದೂರವಾಣಿಯಲ್ಲಿ ಅವನ ಮಾತು: "ಅಪ್ಪ, ಎಲ್ಲವನ್ನೂ ವಕೀಲರಿಗೆ ಒಪ್ಪಿಸಿಬಿಡುತ್ತೇನೆ. ನೀವು ತಲೆ ಕೆಡಿಸಿಕೊಳ್ಳಬೇಡಿ." ತಂದೆಯ ಉತ್ತರ: "ಊರಿನ ಅರ್ಧ ಜನಕ್ಕೆ ಅರ್ಜಿ ಬರೆದುಕೊಟ್ಟವನು ನಾನು. ನನ್ನ ಅರ್ಜಿಗೆ ಇನ್ನೊಬ್ಬರ ಕೈಗೆ ಸಾವಿರಾರು ಡಾಲರು ಸುರಿಯಬೇಕೇನಪ್ಪ?" ಒಳಗಿನಿಂದ ತಾಯಿಯ ಮಾತು: "ನಿಮ್ಮಿಬ್ಬರ ವಾದ ಮುಗಿಯುವಷ್ಟರಲ್ಲಿ ಆ ಮಗು ಕಾಲೇಜಿಗೆ ಸೇರಿರುತ್ತದೆ."

ಮೂವರ ಮಾತಿನಲ್ಲಿಯೂ ಅಷ್ಟಷ್ಟು ನಿಜವಿದೆ.

ಮೊದಲು ಹಕ್ಕಿನ ವಿಚಾರ. ತಂದೆತಾಯಿಗಳನ್ನು ಕಾಯಂ ನಿವಾಸಕ್ಕೆ ಕರೆಸಿಕೊಳ್ಳುವ ಅಧಿಕಾರವಿರುವುದು ಇಪ್ಪತ್ತೊಂದು ವರ್ಷ ತುಂಬಿದ ಅಮೆರಿಕದ ಪ್ರಜೆಗೆ ಮಾತ್ರ. ಗ್ರೀನ್ ಕಾರ್ಡ್ ಇದ್ದರೆ ಸಾಲದು. ಈ ಒಂದು ವಿಷಯ ತಿಳಿಯದೆ ವರ್ಷಗಟ್ಟಲೆ ಕನಸು ಕಟ್ಟಿಕೊಂಡು ಕುಳಿತ ಮನೆಗಳಿವೆ. ಪ್ರಜೆಯ ತಂದೆತಾಯಿಗಳಿಗೆ ವರ್ಷಕ್ಕೆ ಇಷ್ಟೇ ಜನವೆಂಬ ಮಿತಿಯಿಲ್ಲ, ಸರತಿಯ ಸಾಲಿಲ್ಲ. ಆದರೆ ಒಡಹುಟ್ಟಿದವರ ಕಥೆ ಬೇರೆ. ಪ್ರಜೆಗಳ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆಂದು ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ. ಅದರಲ್ಲಿಯೂ ಒಂದೊಂದು ದೇಶಕ್ಕೆ ನೂರಕ್ಕೆ ಏಳರ ಮಿತಿ. ಭಾರತದವರು ಹದಿನೈದು ವರ್ಷಕ್ಕೂ ಮೀರಿ ಕಾಯಬೇಕಾಗಿದೆ. ಅರಸೀಕೆರೆಯ ಮಗಳಿಗಾಗಿ ಇಂದು ಅರ್ಜಿ ಹಾಕಿದರೆ ಕರೆ ಬರುವ ಹೊತ್ತಿಗೆ ಆಕೆಯ ಮಕ್ಕಳು ಇಪ್ಪತ್ತೊಂದು ದಾಟಿ, ತಾಯಿಯ ಜೊತೆಗೆ ಹೋಗುವ ಅವಕಾಶವನ್ನೇ ಕಳೆದುಕೊಂಡಿರಬಹುದು.

ತಂದೆಗೊಂದು, ತಾಯಿಗೊಂದು, ಹೀಗೆ ಬೇರೆಬೇರೆ ಅರ್ಜಿಗಳು. ಐ–130 ಎಂಬುದು ಆ ನಮೂನೆಯ ಹೆಸರು. ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಇಲಾಖೆ ನಮೂನೆಯನ್ನೂ ಅದನ್ನು ತುಂಬುವ ಸೂಚನೆಗಳನ್ನೂ ಬಿಟ್ಟಿಯಾಗಿಯೇ ಒದಗಿಸುತ್ತದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಕಾಗದದ ಅರ್ಜಿಗೆ 675 ಡಾಲರು, ಕಂಪ್ಯೂಟರಿನ ಮೂಲಕ ಸಲ್ಲಿಸಿದರೆ 625. ಈ ದರ ಆಗಾಗ ಬದಲಾಗುವುದರಿಂದ ಹಾಕುವ ದಿನವೇ ನೋಡಿಕೊಳ್ಳುವುದು ಕ್ಷೇಮ. ಅರ್ಜಿ ಮಂಜೂರಾದ ಮೇಲೆ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಇನ್ನಷ್ಟು ಶುಲ್ಕ, ಇನ್ನೊಂದು ನಮೂನೆ, ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ದೃಢೀಕರಣ, ಗೊತ್ತುಮಾಡಿದ ವೈದ್ಯರಿಂದ ಪರೀಕ್ಷೆ, ಕೊನೆಗೆ ದೂತಾವಾಸದಲ್ಲಿ ಸಂದರ್ಶನ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತೆಂದು ಸಂತೋಷಪಟ್ಟವರು ಆಗ ಅಲ್ಲಿ ವೀಸಾ ಕೆಲಸ ಆರಂಭವಾಗಿರಲಿಲ್ಲವೆಂಬುದನ್ನೂ ಗಮನಿಸಬೇಕು. ಇಂಥ ಕಾಯಂ ವೀಸಾದ ಸಂದರ್ಶನಕ್ಕೆ ಕನ್ನಡಿಗರು ಹೋಗುತ್ತ ಬಂದಿರುವುದು ಮುಖ್ಯವಾಗಿ ಮುಂಬಯಿಗೆ. ವಕೀಲರಿಗೆ ಎಷ್ಟೇ ಹಣ ಕೊಟ್ಟಿದ್ದರೂ ಆ ಕಿಟಕಿಯ ಮುಂದೆ ನಿಂತು ಉತ್ತರ ಹೇಳಬೇಕಾದವರು ತಂದೆತಾಯಿಗಳೇ.

ಇಷ್ಟಕ್ಕೆಲ್ಲ ವಕೀಲರು ಇರಲೇಬೇಕೆಂದು ಅಲ್ಲಿಯ ಕಾನೂನು ಹೇಳುವುದಿಲ್ಲ. ಮಗ ಮಾತ್ರ ವಕೀಲರನ್ನೇ ಏಕೆ ನೆನೆಯುತ್ತಾನೆ? ಅದಕ್ಕೆ ಅವನ ಅನುಭವ ಕಾರಣ. ಎಚ್–1ಬಿ ವೀಸಾಕ್ಕೆ ಅರ್ಜಿ ಹಾಕುವುದು ನೌಕರನಲ್ಲ, ಕಂಪೆನಿ. ವಕೀಲರನ್ನು ಗೊತ್ತುಮಾಡುವುದೂ ಕಂಪೆನಿಯೇ. ಗ್ರೀನ್ ಕಾರ್ಡಿನ ಮೊದಲ ಮೆಟ್ಟಿಲಾದ ಕಾರ್ಮಿಕ ಇಲಾಖೆಯ ದೃಢೀಕರಣದ ಖರ್ಚನ್ನು ಮಾಲೀಕರೇ ಹೊರಬೇಕೆಂದು 2007ರಿಂದ ಕಟ್ಟಳೆಯಿದೆ. ಹೀಗಾಗಿ ಇಪ್ಪತ್ತು ವರ್ಷ ಅವನು ಕಂಡದ್ದು ವಕೀಲರ ಕಚೇರಿಯಿಂದ ಬರುವ ಪತ್ರ, ಅವರು ತೋರಿಸಿದ ಕಡೆ ರುಜು. ಆ ವಕೀಲರು ಮೊದಲಿಗೆ ಕಂಪೆನಿಯ ಹಿತ ಕಾಯುವವರೆಂಬುದು ಅವನಿಗೆ ಅಷ್ಟಾಗಿ ಹೊಳೆದಿರಲಾರದು. ಕಂಪೆನಿಯ ಕಡತಕ್ಕೂ ಮನೆಯ ಕಡತಕ್ಕೂ ಅಜಗಜಾಂತರ. ಅಲ್ಲಿ ಹುದ್ದೆ, ಸಂಬಳ, ವಿದ್ಯಾರ್ಹತೆಗಳ ಸೂಕ್ಷ್ಮಗಳು. ಇಲ್ಲಿ ಕೇಳುವ ಪ್ರಶ್ನೆ ಒಂದೇ: ಈ ಮುದುಕರು ಇವನ ತಂದೆತಾಯಿಗಳು ಹೌದೇ?

ಹಿಂದಿನವರ ಕಾಲವನ್ನು ನೆನೆದರೆ ಈಗಿನ ತೊಡಕು ಅಲ್ಪವೆನಿಸೀತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯರ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಭಾರತೀಯರು ಅಲ್ಲಿಯ ಪೌರರಾಗಲು ಅರ್ಹರಲ್ಲವೆಂದು ತೀರ್ಪಿತ್ತಿತು. 1946ರ ಕಾನೂನು ಆ ಅಡ್ಡಿಯನ್ನು ತೆಗೆದರೂ ವರ್ಷಕ್ಕೆ ನೂರು ಮಂದಿಗೆ ಮಾತ್ರ ದಾರಿ ಬಿಟ್ಟಿತು. ದೇಶದೇಶಕ್ಕೆ ಬೇರೆಬೇರೆ ಅಳತೆಯಿಡುವ ಆ ಪದ್ಧತಿ ಹೋದದ್ದು 1965ರ ಕಾನೂನಿನಿಂದ. ನಮ್ಮ ಕಡೆಯ ವೈದ್ಯರೂ ಎಂಜಿನಿಯರುಗಳೂ ಗುಂಪಾಗಿ ಹೊರಟದ್ದು ಅದರ ಮೇಲೆಯೇ. ಆದರೆ ಬಾಗಿಲು ಅಗಲವಾದಂತೆ ಹೊಸ್ತಿಲಿನ ಮೇಲಿನ ನಿಯಮಗಳೂ ಬೆಳೆದವು. 1996ರ ಕಾನೂನೊಂದು ಹಳೆಯ ಸಣ್ಣ ತಪ್ಪುಗಳಿಗೆ ಹೊಸ ದೊಡ್ಡ ಶಿಕ್ಷೆಗಳನ್ನು ತಂದಿತು. ಅದರ ಮಾತು ಮುಂದೆ ಬರುತ್ತದೆ.

ಈಗ ಕಾಗದಪತ್ರಗಳಿಗೆ ಬರಬೇಕು. ತಾಯಿಗಾಗಿ ಅರ್ಜಿ ಹಾಕುವ ಮಗ ತನ್ನ ಪೌರತ್ವದ ಆಧಾರದ ಜೊತೆಗೆ ತಾಯಿಯ ಹೆಸರಿರುವ ತನ್ನ ಜನನ ಪ್ರಮಾಣಪತ್ರವನ್ನು ಕೊಟ್ಟರೆ ಮುಖ್ಯ ಆಧಾರ ಸಿಕ್ಕಿದಂತೆ. ತಂದೆಗಾಗಿ ಹಾಕುವಾಗ ಅದರ ಜೊತೆಗೆ ತಂದೆತಾಯಿಗಳ ವಿವಾಹದ ಪ್ರಮಾಣಪತ್ರವೂ ಬೇಕು. ಓದಲು ಎರಡು ವಾಕ್ಯ. ಬಸ್ತಿಹಳ್ಳಿಯ ಮನೆಯಲ್ಲಿ ಇವೇ ಎರಡು ವಾಕ್ಯಗಳಿಗೆ ಒಂದು ವರ್ಷ ಹಿಡಿದೀತು.

ಜನನ ಮರಣಗಳ ನೋಂದಣಿಯ ಕೇಂದ್ರ ಕಾನೂನು 1969ರದು. ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಅದಕ್ಕೆ ಮುಂಚೆ ಹುಟ್ಟಿದವರಿಗೆ ಜನನಪತ್ರ ಇಲ್ಲದಿರಬಹುದೆಂಬುದು ಅಮೆರಿಕದ ವಿದೇಶಾಂಗ ಇಲಾಖೆಗೂ ಗೊತ್ತು. ಅಂಥವರು ದಾಖಲೆ ದೊರಕುವುದಿಲ್ಲವೆಂಬ ಬರಹವನ್ನು ಸಂಬಂಧಪಟ್ಟ ಕಚೇರಿಯಿಂದ ಪಡೆದು, ತಮ್ಮ ಹುಟ್ಟನ್ನು ಬಲ್ಲ ಹಿರಿಯ ಬಂಧುಗಳ ಪ್ರಮಾಣಪತ್ರಗಳನ್ನೂ ಶಾಲೆಯ ದಾಖಲೆಯನ್ನೂ ಕೊಡಬಹುದು. ಎಪ್ಪತ್ತರ ಯಜಮಾನರ ಹುಟ್ಟನ್ನು ಕಣ್ಣಾರೆ ಬಲ್ಲವರು ಊರಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಸೋದರತ್ತೆಯೋ ದೊಡ್ಡಮ್ಮನೋ ಇದ್ದರೆ, ಅವರು ನೆಟ್ಟಗೆ ಮಾತನಾಡಿ ಹೆಬ್ಬೆಟ್ಟೊತ್ತುವ ಸ್ಥಿತಿಯಲ್ಲಿರುವಾಗಲೇ ಈ ಕೆಲಸ ಮಾಡಿಸಬೇಕು. ಅಮೆರಿಕದ ಯಾವ ವಕೀಲರೂ ಇದನ್ನು ಮಾಡಿಕೊಡಲಾರರು.

ಮಗನ ಪತ್ರದಲ್ಲಿ ಇನ್ನೊಂದು ಬಗೆಯ ತೊಡಕು. 1982ರಲ್ಲಿ ಹುಟ್ಟಿದವನಿಗೆ ಕಾನೂನು ಅನ್ವಯಿಸುತ್ತಿತ್ತು. ಆದರೆ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಆದ ಹೆರಿಗೆಯನ್ನು ಬರೆಸಲು ಹೋಗುತ್ತಿದ್ದವರು ಕಡಮೆ. ಪಾಸ್‌ಪೋರ್ಟ್ ಬೇಕಾದಾಗ ಮ್ಯಾಜಿಸ್ಟ್ರೇಟರ ಆಜ್ಞೆ ಪಡೆದು, ಹುಟ್ಟಿ ಇಪ್ಪತ್ತು ಇಪ್ಪತ್ತೆರಡು ವರ್ಷವಾದ ಮೇಲೆ ನೋಂದಾಯಿಸಿದ ಪತ್ರಗಳು ಸಾವಿರಾರು. ಕಾನೂನಿನ ಪ್ರಕಾರ ಅವು ಸರಿಯಾದ ಪತ್ರಗಳೇ. ಆದರೆ ಹುಟ್ಟಿದ ಒಂದು ವರ್ಷದ ಮೇಲೆ ನೋಂದಣಿಯಾದ ಪತ್ರವನ್ನು ವಲಸೆ ಅಧಿಕಾರಿಗಳು ಸಂಶಯದಿಂದ ನೋಡುತ್ತಾರೆ; ಹೆಚ್ಚಿನ ಪುರಾವೆ ಕೊಡಿರೆಂದು ಪತ್ರ ಬರೆಯುತ್ತಾರೆ. ಉತ್ತರಿಸಲು ಹೆಚ್ಚೆಂದರೆ ಹನ್ನೆರಡು ವಾರದಷ್ಟು ಅವಧಿ. ಉತ್ತರವನ್ನು ಕಂತುಕಂತಾಗಿ ಕಳುಹಿಸುವಂತಿಲ್ಲ, ಎಲ್ಲವೂ ಒಂದೇ ಸಲ ಹೋಗಬೇಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕದ ನಕಲು, ಹಳೆಯ ಪಡಿತರ ಚೀಟಿ, ಇವುಗಳನ್ನು ಮೊದಲೇ ಅರ್ಜಿಯ ಜೊತೆಗಿಟ್ಟವರಿಗೆ ಆ ಪತ್ರ ಬಾರದೆಯೂ ಹೋಗಬಹುದು. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲವರೊಬ್ಬರು ಮಾಡಿ, ಅನುವಾದ ಪೂರ್ಣವೂ ಸರಿಯೂ ಆಗಿದೆಯೆಂದೂ ತಮಗೆ ಎರಡೂ ಭಾಷೆ ಬರುತ್ತದೆಂದೂ ಬರೆದು ರುಜು ಹಾಕಿದರೆ ಸಾಕು. ಇದಕ್ಕೆ ವಕೀಲರೇ ಆಗಬೇಕೆಂದಿಲ್ಲ. ಹಳೇಬೀಡಿನ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರೂ ಆಗಬಹುದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ನಮ್ಮಲ್ಲಿ ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಬಳಿಕ ತನ್ನ ಹೆಸರು. ಅಮೆರಿಕದ ನಮೂನೆಗೆ ಮನೆತನದ ಹೆಸರು ಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಸರಿದು, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್.ಎನ್.ಯು.’ ಎಂಬ ಮೂರಕ್ಷರ ಕೂರುತ್ತದೆ. ಹೆಸರು ತಿಳಿಯದು ಎಂದು ಅದರ ಅರ್ಥ! ಹೆಂಗಸರದು ಇನ್ನೂ ತೊಡಕು. ಶಾಲೆಯಲ್ಲಿ ಪದ್ಮ, ಪಡಿತರ ಚೀಟಿಯಲ್ಲಿ ಪದ್ಮಮ್ಮ, ಮತದಾರರ ಪಟ್ಟಿಯಲ್ಲಿ ಪದ್ಮಾವತಮ್ಮ, ಪಾಸ್‌ಪೋರ್ಟಿನಲ್ಲಿ ಪದ್ಮಾವತಿ. ಊರಿನವರಿಗೆ ನಾಲ್ಕೂ ಒಬ್ಬಾಕೆಯೇ. ಕಡತ ಓದುವ ಅಧಿಕಾರಿಗೆ ನಾಲ್ವರು. ಈ ಹೆಸರುಗಳೆಲ್ಲ ಒಬ್ಬರದೇ ಎಂಬ ಪ್ರಮಾಣಪತ್ರ, ತಿದ್ದಬಹುದಾದ ದಾಖಲೆಗಳ ತಿದ್ದುಪಡಿ, ತಡವಾದ ಜನನ ನೋಂದಣಿಗೆ ಆಜ್ಞೆ—2023ರ ತಿದ್ದುಪಡಿಯ ಮೇಲೆ ಈ ಆಜ್ಞೆ ನೀಡುವ ಅಧಿಕಾರ ಜಿಲ್ಲಾ ಮತ್ತು ಉಪವಿಭಾಗದ ಮ್ಯಾಜಿಸ್ಟ್ರೇಟರಂಥ ಕಂದಾಯ ಅಧಿಕಾರಿಗಳಿಗೆ ಬಂದಿದೆ—ಇವೆಲ್ಲ ಬೇಲೂರು, ಹಾಸನಗಳಲ್ಲಿ ಆಗಬೇಕಾದ ಕೆಲಸ. ಈ ಮನೆಗೆ ನಿಜವಾಗಿ ಬೇಕಾದ ವಕೀಲರು ಬೇಲೂರಿನ ಕೋರ್ಟಿನ ಎದುರು ಕುಳಿತಿರುವವರು. ಅವರ ಶುಲ್ಕವೂ ಡಾಲರುಗಳಲ್ಲಿಲ್ಲ.

ಹಾಗಾದರೆ ಅಮೆರಿಕದ ವಲಸೆ ವಕೀಲರು ಯಾರಿಗೂ ಬೇಡವೆ? ಬೇಕಾದವರಿಗೆ ಅವರು ಬೇಕೇ ಬೇಕು. ಅಲ್ಲಿ ಹಣ ಉಳಿಸಲು ಹೋಗುವುದು ಬುದ್ಧಿವಂತಿಕೆಯಲ್ಲ.

ಸೊಸೆಯ ಬಾಣಂತನಕ್ಕೆಂದು ಹೋದ ತಾಯಿ ಅನುಮತಿಯ ದಿನ ಮೀರಿ ಉಳಿದಿರುತ್ತಾಳೆ. ಮಗು ಸಣ್ಣದು, ಇನ್ನೆರಡು ತಿಂಗಳು ಇರಲಿ ಎಂದು ಎಲ್ಲರೂ ಹೇಳಿರುತ್ತಾರೆ. 1996ರ ಆ ಕಾನೂನಿನಂತೆ, 180 ದಿನಕ್ಕೂ ಮೀರಿ ಅಕ್ರಮವಾಗಿ ನಿಂತು ಹೊರಟುಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ನಿಂತವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಸುಳ್ಳಿನ ಶಿಕ್ಷೆ ಇದಕ್ಕೂ ಕಠಿನ. ವೀಸಾ ಪಡೆಯಲು ಮುಖ್ಯವಾದ ಸಂಗತಿಯೊಂದನ್ನು ಬೇಕೆಂದೇ ಮರೆಮಾಚಿದರೆ ಅಥವಾ ತಪ್ಪಾಗಿ ಹೇಳಿದರೆ ಆ ನಿಷೇಧಕ್ಕೆ ಅವಧಿಯೇ ಇಲ್ಲ. ಕ್ಷಮೆ ಕೋರಲು ಒಂದು ದಾರಿಯಿದೆ. ಆದರೆ ಅದಕ್ಕೆ ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಆದ ಗಂಡ ಅಥವಾ ಹೆಂಡತಿ, ಇಲ್ಲವೆ ತಂದೆ ಅಥವಾ ತಾಯಿ ಇರಬೇಕು. ಮಗನಿದ್ದಾನೆಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ಯಾವ ಮಗನ ಬಳಿಗೆ ಹೋಗಲೆಂದು ಸುಳ್ಳು ಹೇಳಿದರೋ ಆ ಮಗನ ಹೆಸರಿನಲ್ಲಿಯೇ ಕ್ಷಮೆ ಕೇಳುವಂತಿಲ್ಲ. ಇದನ್ನು ಮೊದಲೇ ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ನಾಲಗೆ ಬಿಗಿಯಾಗಿರುತ್ತಿತ್ತು.

ಹಳ್ಳಿಯ ಸಂಸಾರಗಳಲ್ಲಿ ಕಾಣುವ ಇನ್ನೊಂದು ಗಂಟು ದತ್ತು. ಮಕ್ಕಳಿಲ್ಲದ ದೊಡ್ಡಪ್ಪನ ಮಡಿಲಿಗೆ ತಮ್ಮನ ಎರಡನೆಯ ಮಗನನ್ನು ಹಾಕುವುದು ನಮ್ಮಲ್ಲಿ ಹೊಸತಲ್ಲ. ಪತ್ರವಾಗಿ ದತ್ತು ಆಗಿದ್ದರೆ ಹೆತ್ತವರನ್ನು ಕರೆಸುವ ಹಕ್ಕಿಗೇ ಕುತ್ತು ಬರಬಹುದು. ಸಾಕಿದವರನ್ನು ಕರೆಸಬೇಕೆಂದರೆ ದತ್ತು ಹದಿನಾರು ವರ್ಷಕ್ಕೆ ಮುಂಚೆ ಆಗಿರಬೇಕು, ಎರಡು ವರ್ಷ ಅವರ ವಶದಲ್ಲಿ ಅವರೊಡನೆ ವಾಸಿಸಿರಬೇಕು. ಪತ್ರವಿಲ್ಲದೆ ಸುಮ್ಮನೆ ಬೆಳೆಸಿದ್ದರೆ ಶಾಲೆಯ ಪುಸ್ತಕದಲ್ಲಿ ತಂದೆಯೆಂದು ದೊಡ್ಡಪ್ಪನ ಹೆಸರು, ಜನನಪತ್ರದಲ್ಲಿ ಹೆತ್ತವನ ಹೆಸರು! ಇಂಥ ಕಡತವನ್ನು ವಕೀಲರಿಗೆ ತೋರಿಸದೆ ಮುಂದಡಿ ಇಡಬಾರದು. ಗದ್ದೆಯ ಬದುವಿನ ಜಗಳದಲ್ಲಿ ಹೂಡಿದ ಹಳೆಯ ಪೊಲೀಸ್ ಮೊಕದ್ದಮೆ ಇದ್ದವರ ವಿಚಾರವೂ ಅಷ್ಟೆ. ರಾಜಿಯಾಗಿ ಮುಗಿಯಿತೆಂದು ಊರಿನವರು ಮರೆತಿರಬಹುದು. ಬಂಧನವಾಗಿತ್ತೇ ಎಂದು ನಮೂನೆ ಕೇಳಿದಾಗ ಏನು ಬರೆಯಬೇಕೆಂಬುದನ್ನು ತಿಳಿದವರಿಂದ ಕೇಳಿಯೇ ಬರೆಯಬೇಕು. ಅಮೆರಿಕದ ನೆಲದಲ್ಲಿಯೇ ಗಡೀಪಾರಿನ ನೋಟೀಸು ಬಂದರಂತೂ ಎರಡು ಮಾತಿಲ್ಲ. ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕುಂಟು. ಆದರೆ ಖರ್ಚು ಸರ್ಕಾರದ್ದಲ್ಲ.

ಸ್ವಂತ ಅರ್ಜಿ, ವಕೀಲರು, ಇವೆರಡರ ನಡುವೆ ಮೂರನೆಯವನೊಬ್ಬ ನುಸುಳುತ್ತಾನೆ: ಏಜೆಂಟ್. ಪೇಟೆಯ ಬೀದಿಯಲ್ಲಿ ವಿಮಾನದ ಚಿತ್ರ ಬರೆದ ಬೋರ್ಡು, ‘ನೂರಕ್ಕೆ ನೂರು ವೀಸಾ’ ಎಂಬ ಭರವಸೆ. ವೀಸಾ ಕೊಡುವ ಅಧಿಕಾರಿಗೇ ನಾಳೆಯ ತೀರ್ಮಾನ ಗೊತ್ತಿಲ್ಲದಿರುವಾಗ ಈತನಿಗೆ ಹೇಗೆ ಗೊತ್ತು? ನಮೂನೆಯಲ್ಲಿ, ಅದನ್ನು ಬೇರೆಯವರು ತುಂಬಿದ್ದರೆ ಅವರ ಹೆಸರು, ರುಜುಗಳಿಗೆ ಜಾಗವಿದೆ. ಹಣ ಪಡೆದು ಆ ಜಾಗವನ್ನು ಖಾಲಿ ಬಿಡುವವನನ್ನು ನಂಬಬಾರದು. ತಪ್ಪು ಅವನದಾದರೂ ಪ್ರಮಾಣಮಾಡಿ ರುಜು ಹಾಕಿದವರೇ ಹೊಣೆ. ಪ್ರವಾಸಿ ವೀಸಾದ ನಮೂನೆಯಲ್ಲಿ ‘ನಿಮಗಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೆ’ ಎಂಬ ಪ್ರಶ್ನೆಯಿದೆ. ಕೆಲಸ ಸುಲಭವಾಗಲೆಂದು ಏಜೆಂಟ್ ಅಲ್ಲಿ ‘ಇಲ್ಲ’ ಎಂದು ಒತ್ತಿದರೆ ಮೇಲೆ ಹೇಳಿದ ಸುಳ್ಳಿನ ನಿಷೇಧ ಬಂದು ಕೂರುವುದು ತಾಯಿಯ ತಲೆಯ ಮೇಲೆ. ಕೆನಡದಲ್ಲಿ ಪದ್ಧತಿ ಸ್ವಲ್ಪ ಬೇರೆ: ವಕೀಲರಲ್ಲದ ಸಲಹೆಗಾರರೂ ಹಣ ಪಡೆದು ಅರ್ಜಿ ನಡೆಸಬಹುದು, ಆದರೆ ಅವರಿಗೆ ಸಂಬಂಧಪಟ್ಟ ಸಂಸ್ಥೆಯ ಪರವಾನಗಿ ಇರಬೇಕು. ಅಮೆರಿಕದಲ್ಲಾದರೆ ಪರವಾನಗಿಯುಳ್ಳ ವಕೀಲರು ಅಥವಾ ಅಲ್ಲಿಯ ನ್ಯಾಯ ಇಲಾಖೆ ಮಾನ್ಯಮಾಡಿದ ಪ್ರತಿನಿಧಿಗಳು. ಈ ಪ್ರತಿನಿಧಿಗಳು ಲಾಭವಿಲ್ಲದೆ ನಡೆಯುವ ಸೇವಾಸಂಸ್ಥೆಗಳಲ್ಲಿರುವುದರಿಂದ ಖರ್ಚೂ ಕಡಮೆ. ವಲಸೆ ಕಾನೂನು ಅಲ್ಲಿ ಕೇಂದ್ರ ಸರ್ಕಾರದ್ದಾದುದರಿಂದ ಯಾವ ರಾಜ್ಯದ ವಕೀಲರಾದರೂ ಆದೀತು; ಪರವಾನಗಿ ಇದೆಯೇ, ಶಿಸ್ತಿನ ಕ್ರಮವೇನಾದರೂ ಆಗಿದೆಯೇ ಎಂಬುದನ್ನು ಆಯಾ ರಾಜ್ಯದ ವಕೀಲರ ಪಟ್ಟಿಯಲ್ಲಿ ನೋಡಿಕೊಳ್ಳಬಹುದು.

ಎಲ್ಲವನ್ನೂ ಒಪ್ಪಿಸುವುದು, ಏನನ್ನೂ ಕೇಳದಿರುವುದು, ಇವೆರಡೇ ದಾರಿಗಳೆಂದು ತಿಳಿಯಬೇಕಾಗಿಲ್ಲ. ಒಂದು ಗಂಟೆಯ ಸಲಹೆಗೆ ಮಾತ್ರ ಶುಲ್ಕ ತೆಗೆದುಕೊಳ್ಳುವ ವಕೀಲರು ಬೇಕಾದಷ್ಟು ಮಂದಿ ಇದ್ದಾರೆ. ದಾಖಲೆಗಳನ್ನೆಲ್ಲ ಮುಂದಿಟ್ಟು, ಮುಚ್ಚುಮರೆಯಿಲ್ಲದೆ ಹೇಳಿ, ಇದರಲ್ಲಿ ಎಲ್ಲಿಯಾದರೂ ಅಪಾಯವಿದೆಯೇ ಎಂದು ಕೇಳುವುದಕ್ಕೆ ಅಷ್ಟು ಹೊತ್ತು ಸಾಕು. ಇಲ್ಲವೆಂದರೆ ತಂದೆಯ ಇಚ್ಛೆಯಂತೆ ಸ್ವಂತ ಅರ್ಜಿ. ಇದೆಯೆಂದರೆ ಮಗನ ಇಚ್ಛೆಯಂತೆ ವಕೀಲರು.

ಆ ಒಂದು ಗಂಟೆಯಲ್ಲಿ ಒಳ್ಳೆಯ ವಕೀಲರು ಕೇಳುವ ಮೊದಲ ಪ್ರಶ್ನೆ ಬಹುಶಃ ಬೇರೆಯೇ ಆಗಿರುತ್ತದೆ: ಇವರು ಅಲ್ಲಿ ನೆಲಸಲು ಬಯಸುತ್ತಾರೆಯೇ, ಬಂದುಹೋಗಲು ಬಯಸುತ್ತಾರೆಯೇ? ಗ್ರೀನ್ ಕಾರ್ಡ್ ಎಂದರೆ ವಾಸದ ಚೀಟಿ, ಓಡಾಟದ ಪಾಸಲ್ಲ. ಮುಂಚಿತವಾಗಿ ಅನುಮತಿ ಪಡೆಯದೆ ಒಂದು ವರ್ಷಕ್ಕೂ ಮೀರಿ ಹೊರಗಿದ್ದರೆ ಆ ಕಾರ್ಡಿನಿಂದ ಮರಳಿ ಪ್ರವೇಶ ಸಿಗುವುದಿಲ್ಲ. ವರ್ಷದಲ್ಲಿ ಎಂಟು ತಿಂಗಳು ತೋಟದಲ್ಲಿರಬೇಕೆನ್ನುವ ಯಜಮಾನರಿಗೆ ಪ್ರತಿ ಸಲವೂ ವಿಮಾನನಿಲ್ದಾಣದಲ್ಲಿ ಪ್ರಶ್ನೆಗಳು ತಪ್ಪಿದ್ದಲ್ಲ. ಹೊಸದಾಗಿ ಹೋದ ವೃದ್ಧರು ಸರ್ಕಾರದ ಮೆಡಿಕೇರ್ ವಿಮೆಯನ್ನು ಹಣ ಕೊಟ್ಟು ಪಡೆಯಬೇಕಾದರೂ ಐದು ವರ್ಷ ಅಲ್ಲಿ ವಾಸಿಸಿರಬೇಕು. ಅಲ್ಲಿಯವರೆಗೆ ಔಷಧೋಪಚಾರದ ಹೊರೆ ಮಗನದು. ಕಾರ್ಡಿದ್ದವರು ತಮ್ಮ ಜಗತ್ತಿನ ಎಲ್ಲ ವರಮಾನವನ್ನೂ ಅಮೆರಿಕದ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು. ಬಸ್ತಿಹಳ್ಳಿಯ ತೆಂಗಿನಕಾಯಿಯೂ ಅದರಲ್ಲಿ ಸೇರಿತು! ಮಗನೂ ತಂದೆತಾಯಿಗಳನ್ನು ಪೋಷಿಸುವೆನೆಂಬ ಕರಾರಿಗೆ ಸಹಿ ಹಾಕಬೇಕು. ಅವನ ವರಮಾನ ಸರ್ಕಾರ ಗೊತ್ತುಮಾಡಿದ ಬಡತನದ ರೇಖೆಯ ನೂರಕ್ಕೆ ನೂರಿಪ್ಪತ್ತೈದರಷ್ಟಾದರೂ ಇರಬೇಕು.

ಬರಿದೆ ಬಂದುಹೋಗುವ ಆಸೆಯಾದರೆ ಹತ್ತು ವರ್ಷದ ಪ್ರವಾಸಿ ವೀಸಾವೇ ಸಾಕಾದೀತು. ಆದರೆ ಇಲ್ಲಿ ಕ್ರಮ ಮುಖ್ಯ. ಮೊದಲು ವಲಸೆಯ ಅರ್ಜಿ ಹಾಕಿ ಆಮೇಲೆ ಪ್ರವಾಸಿ ವೀಸಾ ಕೇಳಿದರೆ ‘ಹಿಂದಿರುಗುತ್ತೇವೆ’ ಎಂಬ ಮಾತನ್ನು ನಂಬಿಸುವುದು ಕಷ್ಟ. ಪ್ರವಾಸಿಯಾಗಿ ಹೋಗಿ ಅಲ್ಲಿಯೇ ನೆಲಸುವ ಅರ್ಜಿ ಹಾಕುವವರೂ ಉಂಟು. ಹೊರಡುವಾಗಲೇ ಆ ಉದ್ದೇಶವಿತ್ತೆಂದು ಕಂಡುಬಂದರೆ ಅದೂ ಸುಳ್ಳಿನ ಲೆಕ್ಕಕ್ಕೆ ಸೇರುತ್ತದೆ. ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮಗನೂ ಅಲ್ಲ, ವಕೀಲರೂ ಅಲ್ಲ. ವಾದವೆಲ್ಲ ಗಂಡಸರದೇ ಆಗಿ, ಹೋಗಿ ಇರಬೇಕಾದ ತಾಯಿಯನ್ನು ಯಾರೂ ಕೇಳದಿರುವುದು ಇಂಥ ಮನೆಗಳಲ್ಲಿ ಸಾಮಾನ್ಯ. ಮೊಮ್ಮಗುವನ್ನು ನೋಡುವ ಆಸೆ ಆಕೆಗೆ ಇದ್ದೇ ಇದೆ. ನೆರೆಹೊರೆಯಿಲ್ಲದ, ಕಾರಿಲ್ಲದೆ ಅಂಗಡಿಗೂ ಹೋಗಲಾಗದ ಬೀದಿಯಲ್ಲಿ ವರ್ಷಗಟ್ಟಲೆ ಇರುವ ಆಸೆ ಇದೆಯೇ ಎಂಬುದು ಬೇರೆ ಮಾತು.

ಇದೆಯೆಂದೇ ಇಟ್ಟುಕೊಂಡರೆ ಈ ಮನೆಯಲ್ಲಿ ಕೆಲಸದ ಕ್ರಮ ಹೀಗಾದೀತು. ದತ್ತು, ಮೊಕದ್ದಮೆ, ದಿನ ಮೀರಿದ ವಾಸ, ಯಾವುದೂ ಇಲ್ಲವಾದುದರಿಂದ ಅರ್ಜಿಯನ್ನು ಮಗನೇ ತುಂಬುತ್ತಾನೆ. ತಂದೆ ಪ್ರತಿಯೊಂದು ಹೆಸರನ್ನೂ ತಾರೀಖನ್ನೂ ಮೂಲಪತ್ರದೊಡನೆ ಹೋಲಿಸಿ ನೋಡುತ್ತಾರೆ. ಉಪಾಧ್ಯಾಯರಿಗೆ ಇದಕ್ಕಿಂತ ಒಗ್ಗಿದ ಕೆಲಸವಿಲ್ಲ. ತಾಯಿಯ ಅರ್ಜಿಗೆ ಬೇಕಾದ ಆಧಾರವೆಲ್ಲ ಕೈಯಲ್ಲಿರುವುದರಿಂದ ಅದು ಮೊದಲು ಹೊರಡಬಹುದು. ತಂದೆಯದಕ್ಕೆ ವಿವಾಹದ ನೋಂದಣಿ ಬಾಕಿ. 1979ರಲ್ಲಿ ವಧುವಿನ ಮನೆಯ ಮುಂದೆ ಚಪ್ಪರ ಹಾಕಿ ಆದ ಮದುವೆಯನ್ನು ಯಾವ ಕಚೇರಿಯಲ್ಲಿಯೂ ಬರೆಸಿದ್ದಿಲ್ಲ. ಹಿಂದೂ ವಿವಾಹ ಕಾನೂನಿನ ಕೆಳಗೆ—ಜೈನರೂ ಅದಕ್ಕೆ ಸೇರಿದವರೇ—ಈಗಲೂ ನೋಂದಾಯಿಸಬಹುದು. ಬೇಲೂರಿನ ಉಪನೋಂದಣಾಧಿಕಾರಿಗಳ ಕಚೇರಿಗೆ ದಂಪತಿಗಳಿಬ್ಬರೂ ಸಾಕ್ಷಿಗಳನ್ನು ಕರೆದುಕೊಂಡು ಹೋಗಬೇಕು. ಫೋಟೋ, ಲಗ್ನಪತ್ರಿಕೆಗಳಿದ್ದರೆ ಕೊಂಡೊಯ್ಯಬೇಕು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅರಿಶಿನ ಮೆತ್ತಿದ ಒಂದು ಲಗ್ನಪತ್ರಿಕೆ ಸಿಕ್ಕಿದರೆ ಪುಣ್ಯ. ಅದರಲ್ಲಿ ವಧುವಿನ ಹೆಸರು ತವರಿನಲ್ಲಿ ಕರೆಯುತ್ತಿದ್ದಂತೆ ಅಚ್ಚಾಗಿದ್ದರೆ ಅದಕ್ಕೂ ಒಂದು ಪ್ರಮಾಣಪತ್ರ ಬರೆಸಬೇಕಾದೀತು. ಬೇಲೂರಿನ ನೋಟರಿಯ ಬಳಿ ಅದು ಒಂದು ಬೆಳಗಿನ ಕೆಲಸ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹಿಂದಿರುಗಬಹುದು.